ಉಳಿಸು ಎಂಬ ಗುಂಡಿ

ಶೈಲಾಳ ಫೋನು ಕೆಲವು ದಿನಗಳಿಂದ ಬಾಯಿ ಬಿಡುತ್ತಿರಲಿಲ್ಲ. ಕೆಟ್ಟಿರಬಹುದು ಎಂಬ ಆಸೆಯಿಂದ ಪಕ್ಕದ ಮನೆಯವರ ಫೋನು ಇಸಿದುಕೊಂಡು ತನ್ನ ನಂಬರಿಗೆ ತಾನೇ ಹಚ್ಚಿ ನೋಡಿದಳು. ಇನ್ನೊಂದು ಕೈಯಲ್ಲಿದ್ದ ಅವಳ ಫೋನು ಓಣಿಗೆಲ್ಲ ಕೇಳುವಂತೆ ಬಡಿದುಕೊಂಡಿತು. ಅದು ಕೆಟ್ಟಿರಲಿಲ್ಲ. ಯಾರಿಗೂ ಅವಳು ಬೇಕಾಗಿರಲಿಲ್ಲ, ಅಷ್ಟೇ.

ಇದಕ್ಕೆಲ್ಲ ಕಾರಣ ಸುಮೇರಾ ಎಂಬ ಹುಡುಗಿ ಎಂದು ಶೈಲಾ ಎಂದೋ ತೀರ್ಮಾನಿಸಿಬಿಟ್ಟಿದ್ದಳು. ನಿನಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು, ಆ ಮಾತು ಬೇರೆ. ಆದರೆ ಅದು ಹೊಟ್ಟೆಕಿಚ್ಚೇ. ಬೇರೆ ಹೆಸರಿಟ್ಟು ಕರೆದರೆ ಉರಿ ಕಡಿಮೆಯಾಗುತ್ತದೆಯೇ?

ಶೈಲಾ ಹಾನಗಲ್ಲಿನ ಬಸ್ ನಿಲ್ದಾಣದ ಹಿಂದಿರುವ ಪಾರ್ಸೆಲ್ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಆಫೀಸಿನ ಒಡೆಯ ಲೋಹಿತ ಸಾವಕಾರ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರುಗಳಲ್ಲಿ ಅವನದೊಂದು ಕೌಂಟರು, ಓಡಾಡಲು ಕೆಂಪು ಬಣ್ಣದ ಗಾಡಿಗಳು. ಹಿರೇಕೆರೂರಿನಿಂದ ಬೀಜದ ಪಾಕೀಟು, ಸವಣೂರಿನಿಂದ ವೀಳ್ಯದೆಲೆಯ ಬುಟ್ಟಿ, ಉಳಿದ ಕಡೆಯಿಂದ ಮೋಟಾರಿನ ಬಿಡಿಭಾಗ, ಸೀರೆಯ ಗಂಟು, ಮದುವೆಯ ಪಾತ್ರೆ, ಏನು ಬೇಕಾದರೂ ಹೋಗುತ್ತಿತ್ತು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ದಾಖಲು ಮಾಡಬೇಕು. ಆ ಕಂಪ್ಯೂಟರಿನ ಪ್ರೋಗ್ರಾಂ ಲೋಹಿತನ ಅಪ್ಪ ಅಜ್ಜಪ್ಪ ಸಾವಕಾರರ ಕಾಲದ್ದು.

ಕರಿ ಪರದೆ, ಅದರ ಮೇಲೆ ಹಸಿರು ಇಂಗ್ಲಿಷ್ ಅಕ್ಷರ. ಊರಿಗೊಂದು ಗುಪ್ತ ಅಕ್ಷರ, ಮಾಲಿಗೊಂದು ಗುಪ್ತ ಅಂಕಿ. ಒಂದು ಗುಂಡಿ ಆಚೀಚೆ ಒತ್ತಿದರೆ ಸಾಕು, ಕುಂಯ್ ಎಂದು ಕೂಗಿ ನಿಂತುಬಿಡುತ್ತಿತ್ತು. ಮಾಡಿಕೊಟ್ಟವನು ಅಂಗಡಿ ಮುಚ್ಚಿಕೊಂಡು ಎಲ್ಲಿಗೋ ಹೋಗಿದ್ದ. ಅದರ ಹಟ, ಅದರ ಸಿಟ್ಟು ಗೊತ್ತಿದ್ದದ್ದು ಶೈಲಾಗೆ ಒಬ್ಬಳಿಗೇ. ನಾಲ್ಕು ಕೌಂಟರುಗಳಲ್ಲಿ ಕೂತವರೆಲ್ಲ ವಯಸ್ಸಾದವರು. ಅವರಿಗೆ ಆ ಪರದೆ ಕಂಡರೆ ಕೈ ನಡುಗುತ್ತಿತ್ತು, ನಡುಗಿದ ಕೂಡಲೇ ಶೈಲಾಗೆ ಫೋನು ಹಚ್ಚುತ್ತಿದ್ದರು. ರೊಟ್ಟಿ ಬಡಿಯುತ್ತ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಎಫ್ ಏಳು ಒತ್ತಿ, ಏಳು, ಒಂದಲ್ಲ ಎಂದು ಅವಳು ಹೇಳಿಕೊಡುತ್ತಿದ್ದಳು. ಈ ಮುದುಕರ ಕಾಟದಲ್ಲಿ ಉಣ್ಣಲಿಕ್ಕೂ ಪುರಸೊತ್ತಿಲ್ಲ ಎಂದು ಗೊಣಗುತ್ತಿದ್ದಳು ನಿಜ. ಆದರೆ ಗೊಣಗುವಾಗ ಬಾಗಿಲು ತೆರೆದೇ ಇರುತ್ತಿತ್ತು. ಓಣಿಯವರಿಗೂ ಗೊತ್ತಾಗಬೇಕಲ್ಲ.

ಎಲ್ಲರಿಗಿಂತ ಹೆಚ್ಚು ಫೋನು ಬರುತ್ತಿದ್ದದ್ದು ಸವಣೂರು ಕೌಂಟರಿನ ಕನಕಪ್ಪನವರಿಂದ. ಅರವತ್ತು ದಾಟಿದ ಮನುಷ್ಯ, ದಪ್ಪ ಕನ್ನಡಕ, ಮೆತ್ತನೆಯ ಮಾತು. ಕೆಲಸ ಬಾಕಿ ಬಿಟ್ಟು ಮನೆಗೆ ಹೋದರೆ ಅವರಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಎಲೆ ಬಾಡುತ್ತದೆ ಎಂದು ಊಟದ ಹೊತ್ತಿಗೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. "ಶೈಲವ್ವಾ, ಹೊಳ್ಳಿ ನಿಂತ್ಬಿಡ್ತು ನೋಡವಾ" ಎಂಬ ಅವರ ದನಿ ಕೇಳದೆ ಅವಳ ಒಂದು ದಿನವೂ ಸಾಗುತ್ತಿರಲಿಲ್ಲ. ಉಳಿದ ಮೂವರು ಅವಳಿಗೆ ಕೆಲಸ, ಕನಕಪ್ಪ ಕಾಕಾ ಅವಳಿಗೆ ತನ್ನವರು. ತಂದೆ ಇಲ್ಲದೆ ಬೆಳೆದವಳು ಶೈಲಾ. ಹಾಗೆಂದು ಬಾಯಿಬಿಟ್ಟು ಹೇಳಿದವಳಲ್ಲ.

ಅಂಥ ಹೊತ್ತಿನಲ್ಲಿ ಲೋಹಿತ ಹೊಸ ಪ್ರೋಗ್ರಾಂ ಮಾಡಿಸುತ್ತೇನೆಂದ. ದಿನಾ ಒಂದಲ್ಲ ಒಂದು ಬುಟ್ಟಿ ತಪ್ಪಿದ ಊರಿಗೆ ಹೋಗುತ್ತಿತ್ತು. ಕೌಂಟರಿನವರು ಹಳಬರು, ನಂಬಿಗಸ್ತರು, ಅವರನ್ನು ಬಿಡುವ ಬದಲು ಪ್ರೋಗ್ರಾಮನ್ನೇ ಅವರಿಗೆ ಒಗ್ಗುವಂತೆ ಮಾಡಿಸೋಣ ಎಂಬುದು ಅವನ ಲೆಕ್ಕ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಿಂದ ಸುಮೇರಾ ಬಂದಳು. ಹುಲಗೂರಿನ ಹುಡುಗಿ, ಕಣ್ಣಲ್ಲಿ ನಗು, ಹೆಗಲಲ್ಲಿ ಚೀಲ.

ಶೈಲಾ ಅವಳಿಗಾಗಿ ಸಜ್ಜಾಗಿಯೇ ಕೂತಿದ್ದಳು. ಯಾವ ಅಕ್ಷರಕ್ಕೆ ಯಾವ ಊರು, ಎಲ್ಲಿ ಒತ್ತಿದರೆ ಎಲ್ಲಿ ನಿಲ್ಲುತ್ತದೆ, ನಿಂತದ್ದನ್ನು ಹೇಗೆ ಎಬ್ಬಿಸಬೇಕು ಎಲ್ಲ ಹೇಳಬೇಕೆಂದು ಹಸಿರು ರೇಷ್ಮೆ ಅಂಚಿನ ಸೀರೆ ಬೇರೆ ಉಟ್ಟುಕೊಂಡು ಬಂದಿದ್ದಳು. ಸುಮೇರಾ ಚಹಾ ಕುಡಿಯುವಷ್ಟು ಹೊತ್ತು ಕೇಳಿದಳು. ಆಮೇಲೆ ಸವಣೂರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಿದಳು. ನಾನು ಹೇಳಬೇಕಾದದ್ದು ಇನ್ನೂ ಮುಗಿದಿಲ್ಲವಲ್ಲ ಎಂದು ಶೈಲಾ ತಡೆದಳು.

"ನಿಮಗ ಎಲ್ಲಾ ಬರ್ತೈತ್ರಿ ಅಕ್ಕಾರ" ಎಂದಳು ಸುಮೇರಾ. "ನನಗ ಬರದವರು ಬೇಕು."

ಅವಳೇನು ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಆದರೆ ಶೈಲಾ ಆ ಮಾತನ್ನು ಮನೆಗೆ ಕೊಂಡುಹೋಗಿ, ಉಂಡಾಗಲೂ ಮಲಗಿದಾಗಲೂ ತಿರುವಿ ತಿರುವಿ ನೋಡಿದಳು. ಇಷ್ಟು ವರ್ಷ ಬರುತ್ತದೆ ಎಂಬ ಕಾರಣಕ್ಕೆ ಎಲ್ಲರಿಗೂ ಬೇಕಾದವಳು, ಈಗ ಬರುತ್ತದೆ ಎಂಬ ಕಾರಣಕ್ಕೇ ಬೇಡವಾದವಳು! ಇಂಥ ನ್ಯಾಯ ಅವಳು ಎಲ್ಲೂ ಕೇಳಿರಲಿಲ್ಲ.

ಸುಮೇರಾ ಹೋಗಿ ಕನಕಪ್ಪನವರ ಪಕ್ಕದಲ್ಲೇ ಠಿಕಾಣಿ ಹೂಡಿದಳು. ಮೊದಮೊದಲು ಕನಕಪ್ಪನವರು ಫೋನಿನಲ್ಲಿ ಎಲ್ಲ ವರದಿ ಒಪ್ಪಿಸುತ್ತಿದ್ದರು. ಹುಡುಗಿ ಅಂಗಡಿಯ ಬೋರ್ಡಿನಷ್ಟು ದೊಡ್ಡ ಅಕ್ಷರ ಮಾಡಿದ್ದಾಳೆ, ಎಲ್ಲ ಕನ್ನಡದಲ್ಲೇ ಇದೆ, ಎಲೆಗೆ ಬುಟ್ಟಿಯ ಚಿತ್ರ, ಬೀಜಕ್ಕೆ ಚೀಲದ ಚಿತ್ರ, ಒತ್ತಿದರೆ ಆಯಿತು. ಹೇಳುತ್ತ ಹೇಳುತ್ತ ಅವರ ದನಿಯಲ್ಲಿ ಉಮೇದು ಏರುತ್ತಿತ್ತು. ಇವಳು ಹ್ಞೂಂ ಎನ್ನುತ್ತಿದ್ದಳು. ಬರಬರುತ್ತ ವರದಿಯೂ ನಿಂತಿತು. ಉಳಿದ ಮೂರು ಕೌಂಟರಿನವರೂ ಹಳೆಯ ಪರದೆ ನಿಂತಾಗ ಈಗ ಸುಮೇರಾಗೇ ಫೋನು ಹಚ್ಚುತ್ತಿದ್ದರು.

ತಡೆಯಲಾಗದೆ ಶೈಲಾ ಪ್ರಿಂಟರಿನ ಕಾಗದ ಕೊಡುವ ನೆಪ ಹೂಡಿ ಒಂದು ದಿನ ಸವಣೂರಿಗೆ ಹೋದಳು. ಕನಕಪ್ಪನವರು ಕಂಪ್ಯೂಟರ್ ಮುಂದೆ ಕೂತಿದ್ದರು. ಸುಮೇರಾ ಪಕ್ಕದ ಸ್ಟೂಲಿನ ಮೇಲೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ಮುದುಕ ತಪ್ಪು ಒತ್ತಿದರು. ಶೈಲಾಳ ಕೈ ತಾನಾಗಿ ಮುಂದೆ ಹೋಯಿತು, ಸರಿಯಿರಿ ಕಾಕಾ ನಾನು ಮಾಡುತ್ತೇನೆ ಎನ್ನುವುದು ಅವಳ ರೂಢಿ. ಸುಮೇರಾ ಮಾತ್ರ ಕದಲಲಿಲ್ಲ. ಕಂಪ್ಯೂಟರೂ ಕೂಗಲಿಲ್ಲ. ಇದಲ್ಲ, ಇನ್ನೊಮ್ಮೆ ನೋಡಿ ಎಂಬ ಅಕ್ಷರ ಮೂಡಿತು. ಕನಕಪ್ಪನವರು ನೋಡಿದರು, ಸರಿಯಾದದ್ದನ್ನು ಒತ್ತಿದರು, ಕನ್ನಡಕ ತೆಗೆದು ಗಟ್ಟಿಯಾಗಿ ನಕ್ಕರು. ಕಂಪ್ಯೂಟರ್ ಮುಂದೆ ಕೂತು ಅವರು ನಕ್ಕದ್ದನ್ನು ಶೈಲಾ ಅದೇ ಮೊದಲು ಕಂಡದ್ದು. ಅಷ್ಟು ಸಾಲದೆಂಬಂತೆ, "ನೋಡ ಮಗಳ, ಬಂತಿಲ್ಲೋ" ಎಂದರು.

ಮಗಳ! ತನಗೆ ಇಷ್ಟು ವರ್ಷವಾದರೂ ಶೈಲವ್ವ. ನಿನ್ನೆ ಮೊನ್ನೆ ಬಂದವಳು ಮಗಳು. ಚಹಾ ಕುಡಿದು ಹೋಗು ಎಂದು ಇಬ್ಬರೂ ಕರೆದರೂ ಶೈಲಾ ನಿಲ್ಲದೆ ಬಸ್ಸು ಹತ್ತಿದಳು. ಹಾನಗಲ್ಲು ಬರುವವರೆಗೆ ಅವಳಿಗೆ ಕಿಟಕಿಯ ಹೊರಗಿನ ಒಂದು ಹೊಲವೂ ಕಾಣಲಿಲ್ಲ.

ಒಂದು ಬುಧವಾರ ಪರೀಕ್ಷೆಯೆಂದು ಲೋಹಿತ ನಿಶ್ಚಯಿಸಿದ. ಆ ದಿನ ಸವಣೂರಿನಲ್ಲಿ ಪೂರ್ತಿ ಹೊಸ ಪ್ರೋಗ್ರಾಮಿನಲ್ಲೇ ಕೆಲಸ ನಡೆಯಬೇಕು. ಕನಕಪ್ಪ ಗೆದ್ದರೆ ನಾಲ್ಕೂ ಕಡೆ ಹೊಸದು. ಸೋತರೆ ಹಳೆಯದೇ ಗತಿ, ಬುಕಿಂಗ್ ಎಲ್ಲ ಹಾನಗಲ್ಲಿನಿಂದ ಶೈಲಾ ಒಬ್ಬಳೇ ಮಾಡುವುದು. ಹಾಗಾದರೆ ಸವಣೂರಿನಲ್ಲಿ ಬುಟ್ಟಿ ಎತ್ತಿಡಲು ಗಟ್ಟಿ ರಟ್ಟೆಯವನೊಬ್ಬ ಸಾಕು, ಕನಕಪ್ಪನವರಿಗೆ ವಿಶ್ರಾಂತಿ ಕೊಡೋಣ ಎಂದ. ವಿಶ್ರಾಂತಿ ಎಂದರೆ ಏನೆಂದು ಶೈಲಾಗೆ ಗೊತ್ತಿತ್ತು. ಆದರೆ ಅವಳ ಕಿವಿಯಲ್ಲಿ ನಿಂತದ್ದು ಶೈಲಾ ಒಬ್ಬಳೇ ಎಂಬ ಎರಡು ಶಬ್ದ ಮಾತ್ರ.

ಪರೀಕ್ಷೆಯ ಹಿಂದಿನ ಸಂಜೆ ಅವಳ ಫೋನು ಬಡಿದುಕೊಂಡಿತು. ಕನಕಪ್ಪ ಕಾಕಾ. ಅವಳ ಎದೆ ಹೂವಿನ ಹಾಗೆ ಹಗುರಾಯಿತು. ಕೂಡಲೇ ಎತ್ತಿದರೆ ಅಗ್ಗವಾಗುತ್ತೇನೆಂದು ಸ್ವಲ್ಪ ಹೊತ್ತು ಬಡಿದುಕೊಳ್ಳಲು ಬಿಟ್ಟಳು. ಆಮೇಲೆ ಎತ್ತಿ, ಅಂತೂ ನನ್ನ ನೆನಪಾಯಿತಲ್ಲ ಎಂದು ಕೆಣಕಿದಳು.

"ಮೊದಲ ಸುಮೇರಾಗ ಹಚ್ಚಿದ್ನವಾ" ಎಂದರು ಕನಕಪ್ಪ. "ಆಕೀ ಫೋನ ಹತ್ತವಲ್ದು. ಅದಕ್ಕ ನಿನಗ ಹಚ್ಚಿದ್ನಿ."

ಆ ಮನುಷ್ಯನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಶೈಲಾಳ ಎದೆಯಲ್ಲಿ ಅರಳಿದ್ದು ಅಲ್ಲೇ ಕಮರಿತು. ಏನು ಬೇಕಿತ್ತು ಎಂದಳು, ಗುಮಾಸ್ತರ ದನಿಯಲ್ಲಿ.

ಅವರು ವಿವರಿಸಿದರು. ಇಷ್ಟು ದಿನ ಅಭ್ಯಾಸ ಮಾಡಿದ ಪರದೆಯಲ್ಲಿ ಬರೆದದ್ದು ತಾನಾಗಿಯೇ ಒಳಗೆ ಸೇರುತ್ತಿತ್ತು. ಇವತ್ತು ಮಧ್ಯಾಹ್ನ ಹುಬ್ಬಳ್ಳಿಯಿಂದ ಬಂದ ಕೊನೆಯ ಪರದೆಯಲ್ಲಿ ಕೆಳಗೆ ಹೊಸದಾಗಿ ಎರಡು ಗುಂಡಿ ಕೂತಿದ್ದವು. ಸುಮೇರಾ ಅದನ್ನು ಕಂಪ್ಯೂಟರಿಗೆ ಹಾಕಿ, ಎಲ್ಲ ಕನ್ನಡದಲ್ಲೇ ಇದೆಯಲ್ಲ ಅಜ್ಜಾ ಎಂದು ಹೇಳಿ ಅವಸರದಲ್ಲಿ ಬಸ್ಸು ಹಿಡಿದಿದ್ದಳು.

"ಒಂದು ಮುಗಿಸು ಅಂತೈತಿ, ಒಂದು ಉಳಿಸು ಅಂತೈತಿ. ಮುಗಿಸೂದು ತಿಳೀತು. ಕೆಲಸಾ ಮುಗಿಸಿದ ಮ್ಯಾಲ ಉಳಿಸೂದು ಏನವಾ? ನಾ ಯಾಕ ಉಳಿಸ್ಲಿ?"

ಶೈಲಾಗೆ ಥಟ್ಟನೆ ಎಲ್ಲ ತಿಳಿಯಿತು. ಹುಬ್ಬಳ್ಳಿಯಲ್ಲಿ ಕೂತವರ ಉಳಿಸು ಎಂದರೆ ಬರೆದದ್ದನ್ನು ಜೋಪಾನವಾಗಿ ಇರಿಸು. ಕನಕಪ್ಪನವರ ಉಳಿಸು ಎಂದರೆ ಕೆಲಸ ಅರ್ಧಕ್ಕೆ ಬಿಡು. ಕೆಲಸ ಉಳಿಸಿ ಎದ್ದುಹೋಗುವವರನ್ನು ಕಂಡರೆ ಉರಿದು ಬೀಳುವ ಮನುಷ್ಯ ಆ ಗುಂಡಿಯನ್ನು ಯಾಕೆ ಮುಟ್ಟಿಯಾರು? ಹೇಳಲು ಒಂದು ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಮೊದಲು ಸುಮೇರಾಗೆ ಎಂಬ ಮಾತು ಅದಕ್ಕೂ ಮುಂಚೆ ಬಂದು ಅಲ್ಲಿ ಅಡ್ಡ ಕೂತಿತ್ತು.

"ನೀವು ಎಂದರ ಕೆಲಸಾ ಉಳಿಸೀರೇನ್ರಿ ಕಾಕಾ?" ಎಂದಳು.

"ಒಂದ ದಿನಾನೂ ಇಲ್ಲ."

"ಮತ್ತ?"

"ಹೌದಲ್ಲ ಮತ್ತ" ಎಂದು ಅವರು ನಕ್ಕರು. ನೀನು ಹೇಳಿದ ಮೇಲೆ ಮುಗಿಯಿತು ಎಂದು ಫೋನಿಟ್ಟರು.

ಶೈಲಾ ಒಲೆಯ ಮುಂದೆ ನಿಂತು ಆಡಿದ ಮಾತನ್ನು ತೂಗಿ ನೋಡಿದಳು. ತಾನು ಒಂದಾದರೂ ಸುಳ್ಳು ಹೇಳಿದೆನೇ? ಇಲ್ಲ. ಬರೀ ಒಂದು ಪ್ರಶ್ನೆ ಕೇಳಿದ್ದಳು. ಬೇಕಾದರೆ ಈಗಲೂ ಫೋನು ಮಾಡಿ ತಿಳಿಸಬಹುದಿತ್ತು. ಮಾಡಲಿಲ್ಲ. ಅವರ ಮಗಳು ಸುಮೇರಾ ಇದ್ದಾಳಲ್ಲ, ಬೇಕಾದರೆ ತಿಳಿಸಲಿ ಎಂದುಕೊಂಡು ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು.

ಬುಧವಾರ ಲೋಹಿತ ತನ್ನ ಕಾರಿನಲ್ಲೇ ಶೈಲಾಳನ್ನು ಸವಣೂರಿಗೆ ಕರೆತಂದ. ಸುಮೇರಾ ಆಗಲೇ ಬಂದಿದ್ದಳು, ಆದರೆ ಪರೀಕ್ಷೆಯಾದ್ದರಿಂದ ಕೌಂಟರಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ರೈತರು ಎಲೆಯ ಬುಟ್ಟಿ ಇಳಿಸಿ, ಯಾರ ಅಂಗಡಿಗೆ ಹೋಗಬೇಕೆಂದು ಹೇಳಿ, ಹೊಲಕ್ಕೆ ಮರಳುತ್ತಿದ್ದರು. ಕನಕಪ್ಪನವರು ಕೇಳಿ ಕೇಳಿ ತುಂಬುತ್ತಿದ್ದರು. ಬುಟ್ಟಿಯ ಚಿತ್ರ ಒತ್ತಿದರು, ಊರು ಒತ್ತಿದರು, ಹೆಸರು ಬರೆದರು, ಮುಗಿಸು ಒತ್ತಿದರು. ಪರದೆ ಖಾಲಿಯಾಗಿ ಮುಂದಿನ ಬುಟ್ಟಿಗೆ ಅಣಿಯಾಗುತ್ತಿತ್ತು. ಎಲ್ಲೂ ತಡವರಿಸಲಿಲ್ಲ. ಲೋಹಿತ ಕಣ್ಣರಳಿಸಿ ನೋಡಿದ. ಬೆಂಚಿನ ಮೇಲೆ ಕೂತ ಸುಮೇರಾಳ ಮುಖದಲ್ಲಿ ಸಂತೋಷ ಹಿಡಿಸುತ್ತಿರಲಿಲ್ಲ. ಶೈಲಾ ಒಬ್ಬಳೇ ಪ್ರತಿ ಸಲ ಅವರ ಬೆರಳು ಕೆಳಗೆ ಇಳಿಯುವುದನ್ನು ನೋಡುತ್ತಿದ್ದಳು. ಬೆರಳು ಪ್ರತಿ ಸಲವೂ ಉಳಿಸು ಎಂಬುದನ್ನು ದಾಟಿಕೊಂಡು ಹೋಗಿ ಮುಗಿಸು ಎಂಬುದರ ಮೇಲೆ ಕೂರುತ್ತಿತ್ತು.

ಮಧ್ಯಾಹ್ನ ಡ್ರೈವರ್ ನಯೀಮ ಗಾಡಿ ತಂದು ನಿಲ್ಲಿಸಿ, ಯಾವ ಬುಟ್ಟಿ ಎಲ್ಲಿಗೆ ಎಂಬ ಯಾದಿ ಕೇಳಿದ. ಕನಕಪ್ಪನವರು ಪ್ರಿಂಟರಿನ ಗುಂಡಿ ಒತ್ತಿದರು. ಮೇಲೆ ಸಾವಕಾರರ ಹೆಸರು, ಅಂದಿನ ತಾರೀಕು, ಕೆಳಗೆ ಬೆಳ್ಳಗಿನ ಖಾಲಿ ಹಾಳೆ. ಇನ್ನೊಮ್ಮೆ ಒತ್ತಿದರು. ಇನ್ನೊಂದು ಖಾಲಿ ಹಾಳೆ. ಬುಟ್ಟಿಗಳು ಎದುರಿಗೆ ಸಾಲಾಗಿ ಕೂತಿದ್ದವು, ಯಾವುದು ಶಿಗ್ಗಾಂವಿಯಲ್ಲಿ ಇಳಿಯಬೇಕು, ಯಾವುದು ತಡಸಕ್ಕೆ, ಯಾವುದು ಹುಬ್ಬಳ್ಳಿಯ ಯಾವ ಅಂಗಡಿಗೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ನೆನಪಿನಿಂದ ಹೇಳಲು ಹೋಗಿ ಕನಕಪ್ಪನವರು ಎರಡು ಹೆಸರು ಅದಲು ಬದಲು ಮಾಡಿ ಅಲ್ಲೇ ನಿಂತರು. ನಯೀಮ ಕಾದು ಕಾದು, ಶಿಗ್ಗಾಂವಿಯ ಮಾಲಿಗೆ ತಡವಾಗುತ್ತದೆಂದು ಬುಟ್ಟಿ ಬಿಟ್ಟು ಗಾಡಿ ಹೊಡೆದ. ಬಿಸಿಲಿಗೆ ಎಲೆ ಬಾಡದಿರಲೆಂದು ಕನಕಪ್ಪನವರು ಒದ್ದೆ ಗೋಣಿತಟ್ಟು ತಂದು ಬುಟ್ಟಿಗಳಿಗೆ ಹೊದಿಸತೊಡಗಿದರು.

ಸುಮೇರಾ ಎದ್ದು ಬಂದು ಕಂಪ್ಯೂಟರನ್ನು ನೋಡಿದಳು. ಉಳಿಸು ಒತ್ತಿದಿರೋ ಇಲ್ಲವೋ ಎಂದು ಮೆಲ್ಲಗೆ ಕೇಳಿದಳು. ಕನಕಪ್ಪನವರು ಗೋಣಿತಟ್ಟು ಕೈಯಲ್ಲಿ ಹಿಡಿದೇ ಶೈಲಾಳ ಕಡೆ ಒಂದು ಸಲ ನೋಡಿದರು. ಸಿಟ್ಟಿನ ನೋಟವಲ್ಲ, ಗೊತ್ತಾಯಿತು ಎನ್ನುವ ನೋಟ. ಆಮೇಲೆ ಸಾವಕಾರನ ಕಡೆ ತಿರುಗಿದರು.

"ಮರತ್ನಿರಿ" ಎಂದರು.

ಇನ್ನು ಹಳೆಯದೇ ನಡೆಯಲಿ ಎಂದ ಲೋಹಿತ. ಸೋಮವಾರದಿಂದ ಎಲ್ಲ ಬುಕಿಂಗ್ ಶೈಲಾ ನೋಡಿಕೊಳ್ಳುತ್ತಾಳೆ, ಕನಕಪ್ಪನವರು ಇಷ್ಟು ವರ್ಷ ದುಡಿದದ್ದು ಸಾಕು, ಮನೆಯಲ್ಲಿರಲಿ ಎಂದ. ಶೈಲಾ ಬಯಸಿದ್ದೆಲ್ಲ ಅವಳ ಕಾಲಬುಡಕ್ಕೆ ಬಂದು ಬಿದ್ದಿತ್ತು. ಸಂತೋಷವೂ ಆಯಿತು, ಆಗಲಿಲ್ಲ ಎಂದು ನಾನು ಯಾಕೆ ಹೇಳಲಿ. ಆದರೆ ಅಷ್ಟರಲ್ಲಿ ಸುಮೇರಾ ಅಡ್ಡ ಬಂದಳು. ತಪ್ಪು ಅಜ್ಜಂದಲ್ಲ, ನಂದು, ನಾನು ಆ ಗುಂಡಿಯ ಬಗ್ಗೆ ತಿಳಿಸಿ ಹೇಳಲಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಇಲ್ಲ ಸಾವಕಾರ, ನಾನೇ ಮರೆತದ್ದು, ಹುಡುಗಿಯದೇನೂ ತಪ್ಪಿಲ್ಲ ಎಂದರು ಕನಕಪ್ಪ. ಅವಳು ತನ್ನದೆಂದಳು, ಇವರು ತಮ್ಮದೆಂದರು. ಒಬ್ಬರ ತಪ್ಪನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ, ನಿಜವಾದ ಅಪ್ಪ ಮಗಳ ಹಾಗೆ ನಿಂತಿದ್ದರು.

ಇದು ಶೈಲಾಗೆ ಸಹಿಸಲಾಗಲಿಲ್ಲ. ಅವರ ನಗುವಿನಲ್ಲಿ ಅವಳಿಗೆ ಪಾಲಿರಲಿಲ್ಲ, ಹೋಗಲಿ. ಈಗ ತಪ್ಪಿನಲ್ಲೂ ಇಲ್ಲವೇ? ತಾನು ಮಾಡಿದ ಕೇಡನ್ನೂ ಅವರಿಬ್ಬರೇ ಹಂಚಿಕೊಂಡು ತಿನ್ನಬೇಕೆ? ಪಶ್ಚಾತ್ತಾಪದಿಂದ ಸತ್ಯ ಹೇಳಿದಳು ಎಂದು ಯಾರಾದರೂ ಹೊಗಳಿದರೆ ನಂಬಬೇಡಿ. ಹೊಟ್ಟೆಯ ಉರಿಯೇ ಅವಳ ಬಾಯಿ ತೆರೆಸಿತು.

"ಅವರು ಮರತಿಲ್ರಿ" ಎಂದಳು. "ನಿನ್ನೆ ನನಗ ಕೇಳಿದ್ರು. ನನಗ ಗೊತ್ತಿತ್ತು. ನಾ ಹೇಳಲಿಲ್ಲ."

ಆಮೇಲೆ ಉಳಿಸು ಎಂದರೆ ಅವರಿಗೆ ಏನು ಕೇಳಿಸುತ್ತದೆ ಎಂಬುದನ್ನು ಉಸಿರು ಬಿಡದೆ ಹೇಳಿ ಮುಗಿಸಿದಳು. ಬೈಯುತ್ತಾರೆ, ಕೂಗಾಡುತ್ತಾರೆ ಎಂದು ಸೆಟೆದು ನಿಂತಳು. ಯಾರೂ ಬೈಯಲಿಲ್ಲ. ಲೋಹಿತ ಅವಳನ್ನು ಒಮ್ಮೆ ದಿಟ್ಟಿಸಿ ಮುಖ ತಿರುಗಿಸಿದ. ಸುಮೇರಾ ಅವಳ ಕಡೆ ನೋಡಲೂ ಇಲ್ಲ. ಉಳಿಸು, ಉಳಿಸು ಎಂದು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡು, ಹಣೆ ಚಚ್ಚಿಕೊಂಡು, ಕನಕಪ್ಪನವರನ್ನು ಕುರ್ಚಿಗೆ ಕರೆದು ಕೂರಿಸಿ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡಳು.

"ಅಜ್ಜಾರ, ನೀವು ಜ್ವಾಕಿಲೆ ಇಡ್ರಿ ಅಂತ ಯಾರ ಕೈಯಾಗರ ಏನರ ಕೊಟ್ರ, ಏನಂತೀರಿ?"

"ಇಟ್ಕೋಪಾ ಅಂತೇನಿ" ಎಂದರು ಅವರು.

ಅವಳು ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದು ಅಲ್ಲೇ ಕೂತು ಶಬ್ದ ಬದಲಿಸಿದಳು. ಉಳಿಸು ಹೋಗಿ ಇಟ್ಕೋ ಬಂತು. ರೈತರಿಗೆಲ್ಲ ಫೋನು ಹಚ್ಚಿ ಕೇಳಿ, ಕನಕಪ್ಪನವರು ಒಂದೊಂದೇ ಬುಟ್ಟಿಯನ್ನು ಮತ್ತೆ ಬರೆದು, ಇಟ್ಕೋ ಒತ್ತಿ, ಮುಗಿಸು ಒತ್ತಿದರು. ಇಬ್ಬರ ತಲೆಗಳೂ ಪರದೆಯ ಬೆಳಕಿಗೆ ಬಾಗಿದ್ದವು. ಶೈಲಾ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಸಂಜೆಯ ಗಾಡಿಗೆ ಯಾದಿ ಉದ್ದಕ್ಕೆ ಅಚ್ಚಾಗಿ ಬಂತು. ಲೋಹಿತ ಅದನ್ನು ಮೇಲಿನಿಂದ ಕೆಳಗೆ ಓದಿ, ನಾಲ್ಕೂ ಕಡೆ ಇದೇ ನಡೆಯಲಿ, ಸವಣೂರಿನ ಕುರ್ಚಿ ಕನಕಪ್ಪನವರದೇ ಎಂದ. ತನಗೆ ಹುಬ್ಬಳ್ಳಿಯಲ್ಲಿ ಕೆಲಸವಿದೆ, ಶೈಲಾ ಬಸ್ಸಿಗೆ ಹೋಗಲಿ ಎಂದೂ ಹೇಳಿ ಕಾರು ಹತ್ತಿದ.

ಬಸ್ ನಿಲ್ದಾಣದವರೆಗೆ ಕನಕಪ್ಪನವರು ಜೊತೆಗೆ ಬಂದರು. ಬರುವ ಅಗತ್ಯವಿರಲಿಲ್ಲ, ಆದರೂ ಬಂದರು. ದಾರಿಯಲ್ಲಿ ಅವಳ ಮನೆಯವರ ಆರೋಗ್ಯ ವಿಚಾರಿಸಿದರು, ಈ ಸಲ ಹಾನಗಲ್ಲಿನ ಕಡೆ ಮಳೆ ಹೇಗೆ ಎಂದರು. ಅವಳಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ.

"ಸಿಟ್ಟಾಗೀರೇನ್ರಿ ಕಾಕಾ?" ಎಂದಳು.

"ಇಲ್ಲವಾ. ನಿನ್ನ ಮ್ಯಾಲ ಸಿಟ್ಟು ಬರಂಗಿಲ್ಲ ನನಗ."

ಹಾನಗಲ್ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಅವರು ಕೈಯಡ್ಡ ಹಿಡಿದು ಅವಳಿಗೆ ಹತ್ತಲು ಜಾಗ ಮಾಡಿಕೊಟ್ಟರು. ಕಿಟಕಿಯ ಪಕ್ಕ ಕೂತ ಮೇಲೆ ಶೈಲಾ ತಲೆ ಹೊರಗೆ ಹಾಕಿ, ಇನ್ನು ಮುಂದೆ ಏನೇ ತಿಳಿಯದಿದ್ದರೂ ಕೇಳಿ ಕಾಕಾ, ದೇವರಾಣೆಗೂ ಸರಿಯಾಗಿ ಹೇಳುತ್ತೇನೆ, ಅವಳ ಫೋನು ಹತ್ತದಿದ್ದಾಗಲಾದರೂ ನನಗೆ ಹಚ್ಚಿ ಎಂದಳು.

ಕನಕಪ್ಪನವರು ಕನ್ನಡಕ ಸರಿಮಾಡಿಕೊಂಡರು. ಸುಳ್ಳು ಹೇಳಲು ಅವರಿಗೆ ಇನ್ನೂ ಬರುತ್ತಿರಲಿಲ್ಲ.

"ಹತ್ತಲಿಲ್ಲಂದ್ರ, ಹತ್ತೂ ತನಕಾ ಕಾಯ್ತೇನವಾ" ಎಂದರು.